ಸೂಜಿಯ ರಿಜಿಸ್ಟರು

ಬೆಳಿಗ್ಗೆ ನಂಜನಗೂಡು, ಸಂಜೆ ಟಿ. ನರಸೀಪುರ. ಎರಡೂ ಕಡೆ ನನ್ನದೇ ಕ್ಲಿನಿಕ್ಕು, ನಾನೊಬ್ಬನೇ ಡಾಕ್ಟರು. ಕವಲಂದೆಯಿಂದ, ಬಿಳಿಗೆರೆಯಿಂದ ಮೊದಲ ಬಸ್ಸಿಗೇ ಬಂದು ಕೂತಿರುತ್ತಿದ್ದ ಜನಕ್ಕೆ ಬರೀ ಮಾತ್ರೆ ಬರೆದುಕೊಟ್ಟರೆ ಮುಖ ಸಣ್ಣದಾಗುತ್ತಿತ್ತು. ಸೂಜಿ ಹಾಕದವನು ಅದೆಂಥ ಡಾಕ್ಟರು? ಬೇಡವೆಂದು ವಾದಿಸಲು ಹೊತ್ತಿಲ್ಲದೆ ಚುಚ್ಚಿಯೇ ಕಳಿಸುತ್ತಿದ್ದೆ. ನನ್ನ ಸೋಮಾರಿತನಕ್ಕೆ ನಾನೇ ಇಟ್ಟುಕೊಂಡಿದ್ದ ಹೆಸರು ಕೆಲಸದ ಒತ್ತಡ.

ಆ ಸೂಜಿಗಳನ್ನೆಲ್ಲ ಬಳಿದು, ಹಾಲಿನ ಪುಡಿಯ ಡಬ್ಬಕ್ಕೆ ತುಂಬಿ, ಹಿತ್ತಲಲ್ಲಿ ಹೂಳುತ್ತಿದ್ದವಳು ನಂಜನಗೂಡಿನ ಕ್ಲಿನಿಕ್ಕಿನ ಆಯಾ. ಹೆಡತಲೆ ಊರಿನವಳು, ನನಗಿಂತ ಹತ್ತು ವರ್ಷ ದೊಡ್ಡವಳು. ರೋಗಿಗಳನ್ನು ಗದರಿ ಸಾಲಾಗಿ ಕೂರಿಸುತ್ತಿದ್ದಳು. ನನ್ನನ್ನೂ ಬಿಡುತ್ತಿರಲಿಲ್ಲ. "ವಸಿ ಉಣ್ಣಿ ಸಾ. ನೀವು ಬಿದ್ರೆ ಇವ್ರಿಗೆ ಸೂಜಿ ಆಕೋರ್ಯಾರು?"

ತೊಂಬತ್ತರ ದಶಕದ ಕೊನೆಗೆ ಆಸ್ಪತ್ರೆ ಕಸಕ್ಕೆ ಹೊಸ ಕಾನೂನು ಬಂತು. ಅದರ ಬಿಸಿ ನಮಗೆ ತಟ್ಟಲು ಇನ್ನೂ ಕೆಲವು ವರ್ಷ ಹಿಡಿಯಿತು. ಹಳದಿ ಚೀಲ, ಸೂಜಿ ಕತ್ತರಿಸುವ ಯಂತ್ರ, ರಿಜಿಸ್ಟರು, ಕೆಲಸದವರಿಗೆ ಸೂಜಿಯಿಂದ ಅಂಟುವ ಕಾಮಾಲೆಯ ಲಸಿಕೆ. ಯಂತ್ರ ತಂದೆ. ಒಂದೊಂದೇ ಸೂಜಿ ತೂರಿಸುತ್ತ ಕೂತರೆ ನರಸೀಪುರದ ಬಸ್ಸು ತಪ್ಪುತ್ತದೆಂದು ಅದಕ್ಕೆ ಬಟ್ಟೆ ಹೊದಿಸಿಟ್ಟೆ. ಲಸಿಕೆ ನಾನು ಹಾಕಿಸಿಕೊಂಡೆ. ಅವಳಿಗೆ ಮುಂದಿನ ವಾರ, ಮುಂದಿನ ವಾರ ಎನ್ನುತ್ತ ಬಂದೆ. ತಪಾಸಣೆಯ ಸುದ್ದಿ ಸಿಕ್ಕ ಭಾನುವಾರ, ಎರಡು ಪೆನ್ನು ಬದಲಿಸುತ್ತ ಆರು ತಿಂಗಳ ರಿಜಿಸ್ಟರನ್ನು ಒಂದೇ ಸಲ ಕೂತು ಬರೆದೆ. ಕೆಲಸದಲ್ಲಿ ಕೈಗೆ ಸೂಜಿ ಚುಚ್ಚಿಕೊಂಡವರು: ಇಲ್ಲ. ಆಯಾಗೆ ಲಸಿಕೆ: ಮೂರು ಬಾರಿ. ನೀರು ಕಾಯಿಸಿ ಕುಡಿಯಿರಿ ಎಂದು ಊರಿಗೆಲ್ಲ ಬೈಯುತ್ತಿದ್ದವನು ನಾನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಆಮೇಲೆ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಪಾಠ ಹೇಳಿಕೊಟ್ಟೆ.

"ಯಾರು ಕೇಳಿದ್ರೂ ಯಾವತ್ತೂ ಚುಚ್ಚಿಲ್ಲ ಅನ್ನಬೇಕು. ಇಲ್ಲದಿದ್ರೆ ಕ್ಲಿನಿಕ್ ಮುಚ್ಚಿಸ್ತಾರೆ."

ಅವಳು ಶಾಲೆ ಮಕ್ಕಳಂತೆ ಒಪ್ಪಿಸಿದಳು. ಅಧಿಕಾರಿ ಬಂದು ಕೇಳಿದಾಗಲೂ ಹಾಗೇ ಒಪ್ಪಿಸಿದಳು. ಅವರು ಹೋದಮೇಲೆ ಇಬ್ಬರೂ ನಕ್ಕೆವು.

ಮರುವರ್ಷ ಅವಳು ನಾಲ್ಕು ದಿನ ಕೆಲಸಕ್ಕೆ ಬರಲಿಲ್ಲ. ಹೆಡತಲೆಗೆ ಹೋದೆ. ಜಗಲಿಯಲ್ಲಿ ಮಲಗಿದ್ದಳು. ಕಣ್ಣುಗಳು ಹಳದಿಯಾಗಿದ್ದವು.

"ಸೂಜಿ ಏನಾದ್ರೂ ಚುಚ್ಚಿತ್ತೇನಮ್ಮ?"

"ಇಲ್ಲ ಸಾ. ಯಾವತ್ತೂ ಚುಚ್ಚಿಲ್ಲ."

ನನ್ನ ಬೆನ್ನ ಹಿಂದೆ ಯಾರಾದರೂ ಬಂದಿದ್ದಾರೆಯೇ ಎಂದು ನೋಡಿದಳು. ಕೈ ಹಿಡಿದು ಬೇಡಿಕೊಂಡೆ. ಮತ್ತೆ ಅದನ್ನೇ ಒಪ್ಪಿಸಿದಳು. ಒಳಗಿನಿಂದ ಬಂದ ಸೊಸೆ ತಡೆಯಲಾರದೆ ಹೇಳಿದಳು: "ಚುಚ್ಚಿತ್ತು ಸಾ, ಮೂರು ತಿಂಗ್ಳಾಯ್ತು. ಅರಿಶಿನ ಮೆತ್ಕೊಂಡ್ರು. ಡಾಕ್ಟ್ರಿಗೆ ತೊಂದ್ರೆ ಆಯ್ತದೆ, ಯಾರ್ಗೂ ಯೋಳ್ಬ್ಯಾಡ ಅಂದ್ರು."

ಚುಚ್ಚಿದ ದಿನವೇ ತಿಳಿದಿದ್ದರೆ ಮೈಸೂರಿಗೆ ಕರೆದೊಯ್ದು ರೋಗ ತಡೆಯುವ ಇಂಜೆಕ್ಷನ್ ಕೊಡಿಸಬಹುದಿತ್ತು. ಈಗ ಕರೆದೊಯ್ದೆ. ಹನ್ನೊಂದನೇ ದಿನ ತೀರಿಹೋದಳು.

ಕೆಲವು ತಿಂಗಳಿಗೆ ಮತ್ತೆ ತಪಾಸಣೆ ಬಂತು. ಅದೇ ಅಧಿಕಾರಿ, ಅದೇ ರಿಜಿಸ್ಟರು. ಅವರು ಹಾಳೆ ತಿರುಗಿಸುವಾಗ ಅವಳ ಹೆಸರಿನ ಮುಂದೆ ನನ್ನ ಕೈಬರಹದ ಮೂರು ಲಸಿಕೆಗಳು ಕಂಡವು.

"ಎಲ್ಲ ಚೊಕ್ಕವಾಗಿದೆ ಡಾಕ್ಟ್ರೇ," ಎನ್ನುತ್ತ ಸಹಿ ಹಾಕಲು ಪೆನ್ನು ತೆಗೆದರು. "ಯಾರಿಗೂ ಸೂಜಿ ಚುಚ್ಚಿಲ್ಲ ತಾನೇ?"

"ಇಲ್ಲ ಸಾರ್," ಎಂದೆ. "ಯಾವತ್ತೂ ಚುಚ್ಚಿಲ್ಲ."