ಹುಣಸೆ ಗಂಜಿ ಕುಡಿದ ಕೂಸಿನ ಹೊದಿಕೆ

ಒಂದು ಕಸುಬು ಚೆನ್ನಾಗಿ ಬಂದರೆ ಸಾಕು, ಕೆಲವರು ಲೋಕದ ಕಸುಬುಗಳೆಲ್ಲ ತಮ್ಮ ಹಿತ್ತಲಲ್ಲೇ ಹುಟ್ಟಿದವು ಎಂದುಕೊಳ್ಳುತ್ತಾರೆ. ಉಳ್ಳಾರ್ತಿ ಕಾವಲೆಂಬ ಹುಲ್ಲುಬಯಲಿನ ಅಂಚಿಗಿರುವ ನಮ್ಮೂರಿನಲ್ಲಿ ಕಂಬಳಿ ನೇಯುತ್ತಿದ್ದ ದೊಡ್ಡೀರಪ್ಪ ಅಂಥವನು. ಅವನ ಕಂಬಳಿ ಒಳ್ಳೆಯದಿತ್ತು, ಅದನ್ನು ಇಲ್ಲವೆನ್ನುವುದಿಲ್ಲ. ಚಳ್ಳಕೆರೆ ಸಂತೆಯಲ್ಲಿ ಅವನು ಗಂಟು ಬಿಚ್ಚುವ ಮೊದಲೇ ಕುರಿಗಾರರು ಸುತ್ತ ನಿಲ್ಲುತ್ತಿದ್ದರು. ಕಂಬಳಿಯ ನಾಲ್ಕು ಮೂಲೆ ಹಿಡಿಸಿ, ನಡುವೆ ಒಂದು ಚೊಂಬು ನೀರು ಸುರಿದು, ಕೆಳಗೆ ಕೈಯಿಟ್ಟು ನೋಡಿರೆಂದು ಸವಾಲು ಹಾಕುತ್ತಿದ್ದ. ಒಂದು ಹನಿ ಇಳಿಯುತ್ತಿರಲಿಲ್ಲ. ಹುಣಸೆ ಬೀಜ ಹುರಿದು, ನೆನೆಸಿ, ಅರೆದು, ಕಾಯಿಸಿದ ಗಂಜಿಯನ್ನು ಉಣ್ಣೆಗೆ ಕುಡಿಸುವುದರಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ಮರ್ಯಾದೆಯಿಂದ ಬಾಳಿ ಸಾಯುತ್ತಿದ್ದ.

ಅವನು ನಿಲ್ಲಲಿಲ್ಲ. ಕುಂಬಾರನಿಗೆ ಮಣ್ಣಿನ ಹದ ಹೇಳುತ್ತಿದ್ದ, ಪೂಜಾರಿಗೆ ಮಂತ್ರ ತಿದ್ದುತ್ತಿದ್ದ, ಎತ್ತಿಗೆ ಲಾಳ ಕಟ್ಟುವವನ ಬೆನ್ನ ಹಿಂದೆ ನಿಂತು ಮೊಳೆಯ ಓರೆ ತೋರಿಸುತ್ತಿದ್ದ. ಒಮ್ಮೆ ಮೊಳಕಾಲ್ಮೂರಿಗೆ ಹೋದಾಗ ರೇಷ್ಮೆ ಮಗ್ಗದವರ ಮನೆ ಹೊಕ್ಕು, ಅವರು ನೇಯ್ದ ಸೀರೆಯನ್ನು ಎರಡು ಬೆರಳಲ್ಲಿ ಹಿಡಿದು, ಇದು ಮಳೆಗೆ ಹೇಗೆ ತಡೆದೀತು ಎಂದು ಕೇಳಿ ಬಂದ. ಅವರು ತಮ್ಮತಮ್ಮಲ್ಲಿ ತೆಲುಗಿನಲ್ಲಿ ಏನೋ ಆಡಿಕೊಂಡು ನಕ್ಕರಂತೆ. ತನ್ನನ್ನು ಹೊಗಳಿದರು ಎಂದು ಊರಿಗೆ ಬಂದು ಹೇಳಿದ.

ಪ್ಲೇಗಿಗೆ ಹೆದರಿ ಊರೆಲ್ಲ ಹೊಲದ ಗುಡಿಸಲುಗಳಲ್ಲಿ ಕಾಲ ಹಾಕಿತ್ತಲ್ಲ, ಅದರ ಮರುವರ್ಷ ಪುಷ್ಯದ ಚಳಿಯಲ್ಲಿ ಅವನ ಮಗಳು ಚಿನ್ನಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ದಿನ ತುಂಬುವ ಮೊದಲೇ ಹೆತ್ತಳು. ಗಂಡು ಕೂಸು, ಸುಲಿದ ಮೊಲದಷ್ಟಿತ್ತು, ಅಳುವುದಕ್ಕೂ ತ್ರಾಣವಿರಲಿಲ್ಲ. ಸೂಲಗಿತ್ತಿ ಯರ್ರಮ್ಮ ಮುಚ್ಚುಮರೆಯಿಲ್ಲದೆ ಹೇಳಿದಳು: ಇದಕ್ಕೆ ಮೈಕಾವೇ ಮದ್ದು, ಕಾವು ತಪ್ಪಿದರೆ ಉಳಿಯುವುದಿಲ್ಲ. ಚಿನ್ನಕ್ಕನ ಅವ್ವ ಬೋರಕ್ಕ ತನ್ನ ಹಳೆಯ ಸೀರೆ ಹರಿದು ಸುತ್ತಿದಳು. ಕಾವಲಿನ ಮೇಲಿಂದ ಬೀಸುವ ಗಾಳಿಗೆ ಆ ಸೀರೆ ಯಾವ ಲೆಕ್ಕ? ಮೇಲೆ ಕಂಬಳಿ ಹೊದಿಸಿದರೆ ಕೂಸಿನ ಮೈ ತರಚಿ ಬೆಂಕಿ ತಗುಲಿದ ಹಾಗೆ ಕೆಂಪಗಾಯಿತು. ಕಂಬಳಿಗೆ ಒಗ್ಗದ ಚರ್ಮ ನಮ್ಮ ವಂಶದ್ದಲ್ಲ, ಅಳಿಯನ ಕಡೆಯದು ಎಂದು ದೊಡ್ಡೀರಪ್ಪ ತೀರ್ಪು ಕೊಟ್ಟ.

ಅಳಿಯ ಓಬಳಪ್ಪ ಬಳ್ಳಾರಿಯ ದಂಡಿನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವನು. ಸುದ್ದಿ ಕೇಳಿ ಓಡಿಬಂದ. ಬರುವಾಗ ಫ್ಲಾನಲ್ ಎಂಬ ಬಿಳಿ ಬಟ್ಟೆಯ ತುಂಡೊಂದನ್ನು ತಂದ. ಅದೂ ಉಣ್ಣೆಯದೇ, ಆದರೆ ಬೆಕ್ಕಿನ ಹೊಟ್ಟೆಯಷ್ಟು ಮೆತ್ತಗಿತ್ತು. ದೊರೆಗಳ ಮನೆಯ ಆಯಾ ಹೇಳಿಕೊಟ್ಟದ್ದನ್ನು ಹಾಗೇ ಒಪ್ಪಿಸಿದ: ಚೌಕಕ್ಕೆ ಕತ್ತರಿಸುವುದು, ನಾಲ್ಕು ಅಂಚು ಒಳಕ್ಕೆ ಮಡಿಸುವುದು, ಸಣ್ಣ ನೂಲಿನಲ್ಲಿ ಹೊಲಿಯುವುದು. ಮುದ್ದೆಗೆ ಎಸರಿಟ್ಟು ಅದು ಕುದಿಯುವಷ್ಟರಲ್ಲಿ ಮುಗಿಯುವ ಕೆಲಸ. ಹೇಳಿ, ಕೂಸಿನ ಮುಖ ನೋಡಿ, ಅಂದೇ ಹಿಂದಿರುಗಿದ.

ಚಿನ್ನಕ್ಕ ಸೂಜಿ ಕೇಳಿದಳು. ಬಾಣಂತಿ ಸೂಜಿ ಹಿಡಿದರೆ ಕಣ್ಣಿನ ಬೆಳಕು ಇಳಿಯುತ್ತದೆ ಎಂದು ಬೋರಕ್ಕ ಕೊಡದೆ, ತಾನೇ ಹೊಲಿಯಲು ಕೂತಳು. ದೊಡ್ಡೀರಪ್ಪ ಬಂದು ಅವಳ ಮಡಿಲಿಂದ ಬಟ್ಟೆ ಕಿತ್ತುಕೊಂಡ.

"ಉಣ್ಣೆ ಅಂದ್ಮೇಲೆ ಅದು ನನ್ ಕೆಲ್ಸ. ನಿಂಗೇನ್ ಗೊತ್ತೈತೆ?"

ಮೊದಲು ಅಂಗಳದಲ್ಲಿ ಬಟ್ಟೆಯ ಮೂಲೆಗಳನ್ನು ಹಿಡಿಸಿ ಚೊಂಬು ನೀರು ಸುರಿದ. ನೀರು ನೇರವಾಗಿ ಅವನ ಪಾದದ ಮೇಲೆ ಇಳಿಯಿತು. ಆಗ ಅವನ ಮುಖ ನೋಡಬೇಕಿತ್ತು, ಕಳ್ಳನನ್ನು ಹಿಡಿದ ತಳವಾರನ ಮುಖ. ಬಳ್ಳಾರಿಯಲ್ಲಿ ಯಾವನೋ ಅಳಿಯನಿಗೆ ಗಂಜಿ ಕಾಣದ ಹಸಿ ಬಟ್ಟೆ ಮಾರಿ ಟೋಪಿ ಹಾಕಿದ್ದಾನೆ, ತಾನಿದ್ದದ್ದಕ್ಕೆ ಆಯಿತು ಎಂದು ನಾಲ್ಕು ಮನೆಗೆ ಕೇಳುವಂತೆ ಸಾರಿದ. ಓಣಿಯಲ್ಲಿ ಗೂಟ ನೆಟ್ಟು ಬಟ್ಟೆಯನ್ನು ಬಿಗಿದ. ಹುಣಸೆ ಬೀಜದ ಗಂಜಿ ಕಾಯಿಸಿ, ಕುಂಚದಿಂದ ಬಳಿದು, ಒಣಗಿಸಿ, ತಿರುವಿ, ಮತ್ತೆ ಬಳಿದ. ಅಂಚಿಗೆ ಗೋಣಿ ಹೊಲಿಯುವ ದಬ್ಬಣ ತಂದು, ದೃಷ್ಟಿಯಾಗದಿರಲೆಂದು ಕರಿಯ ಉಣ್ಣೆಯ ದಾರ ಹಾಕಿದ. ಒಂದೊಂದು ಹೊಲಿಗೆಯೂ ಎತ್ತಿನ ಹಲ್ಲಿನಷ್ಟು. ನಮ್ಮೂರಿನವರಾದರೂ ಏನು ಕಡಿಮೆ? ಕೂಸಿನ ವಿಷಯ ಒಬ್ಬನೂ ಎತ್ತಲಿಲ್ಲ, ಸುತ್ತ ಕೂತು ಭೇಷ್ ಎನ್ನುತ್ತಿದ್ದರು. ಹೊತ್ತು ಇಳಿಯುವಷ್ಟರಲ್ಲಿ ಆ ಮೆತ್ತನೆಯ ಬಟ್ಟೆ ಗೋಡೆಗೆ ಒರಗಿಸಿದರೆ ಹಪ್ಪಳದ ಹಾಗೆ ತಾನೇ ನಿಲ್ಲುತ್ತಿತ್ತು. ನೀರು ಹೊಯ್ದರೆ ಮೇಲೇ ನಿಂತಿತು. ದೊಡ್ಡೀರಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು, ದೇವರ ಪಟ ಒಯ್ಯುವವನಂತೆ ಬಾಣಂತಿ ಕೋಣೆಗೆ ಒಯ್ದ.

ಚಿನ್ನಕ್ಕ ಮುಟ್ಟಿ ನೋಡಿದಳು.

"ಅಪ್ಪಾ, ಇದು ಮಡಿಚೋದೇ ಇಲ್ವಲ್ಲ."

"ಹೊದ್ದಂಗೆಲ್ಲ ಮೆತ್ತಗಾಗ್ತೈತೆ. ಹೊಸಾ ಕಂಬ್ಳಿ ಎಲ್ಲಾ ಹಂಗೇಯ."

"ಇದು ಮೆತ್ತಗಾಗೋಗಂಟ ನನ್ ಕೂಸು ಇರ್ತೈತಾ?"

ಅವನಿಗೆ ರೇಗಿತು. ಇಡೀ ದಿನ ಮಗ್ಗ ನಿಲ್ಲಿಸಿ ಮಾಡಿದ್ದಕ್ಕೆ ಇದು ಕೂಲಿಯೋ, ನಿನ್ನನ್ನು ಸಾಕಿದ್ದು ಯಾವ ಬಳ್ಳಾರಿಯ ಬಟ್ಟೆ ಎಂದು ಕೂಗಾಡಿದ. ಬೋರಕ್ಕ ಮಗಳಿಗೆ ಕಣ್ಣಲ್ಲೇ ಸುಮ್ಮನಿರು ಎಂದಳು. ಗಂಡನ ಬಾಯಿಗೆ ಹೆದರಿ ಬಾಳಿದ ಹೆಂಗಸು, ಅಂದೂ ಹೆದರಿದಳು. ಕೂಸನ್ನು ಅದರೊಳಗೆ ದೊನ್ನೆಯಲ್ಲಿಟ್ಟಂತೆ ಮಲಗಿಸಿದರು.

ಬೆಳಿಗ್ಗೆ ಎರೆಯಲು ಬಂದ ಯರ್ರಮ್ಮ ಬಗ್ಗಿ ನೋಡಿದವಳು ಹಾಗೇ ಕೂಸನ್ನು ಬಾಚಿಕೊಂಡಳು. ಕೂಸು ಹುಯ್ದ ಉಚ್ಚೆ ಒಂದು ಹನಿಯೂ ಕೆಳಗೆ ಇಳಿದಿರಲಿಲ್ಲ. ಆ ಗಂಜಿಯ ಬಟ್ಟೆಯಲ್ಲಿ ಕೊಳವಾಗಿ ನಿಂತಿತ್ತು. ಅದರಲ್ಲಿ ಕೂಸು ತಣ್ಣಗೆ ಬಿದ್ದಿತ್ತು. ತುಟಿ ನೇರಳೆಯಾಗಿತ್ತು, ಕರಿ ದಾರ ತಿಕ್ಕಿ ಕತ್ತಿನಲ್ಲಿ ಗೀರು ಎದ್ದಿತ್ತು. ಯರ್ರಮ್ಮ ಅದನ್ನು ಒರೆಸಿ, ಸೆರಗಿನೊಳಗೆ ಬರಿ ಎದೆಗೆ ಒತ್ತಿಕೊಂಡು, ಕೆಂಡ ತರಲು ಹೇಳಿದಳು. ಬಾಗಿಲಲ್ಲಿ ನಿಂತಿದ್ದ ದೊಡ್ಡೀರಪ್ಪನ ಕಡೆ ತಿರುಗಿ ದನಿ ಏರಿಸದೆ ಅಂದಳು:

"ಕೆರೆ ಕಟ್ಟೀಯಲ್ಲೋ ದೊಡ್ಡೀರಣ್ಣ. ಕುರಿ ಕಾಯೋನಿಗೆ ಮಳೆ ಮ್ಯಾಲಿಂದ ಬರ್ತೈತೆ. ಕೂಸಿಗೆ ಒಳಗಿಂದ ಬರ್ತೈತೆ. ಅಷ್ಟೂ ತಿಳೀದಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಇವನಂಥವನನ್ನು ಕಾಣೆ. ಅವನು ಬಗ್ಗಿ ಕೆಳಗಿನ ಚಾಪೆಯನ್ನು ಅಂಗೈಯಿಂದ ಸವರಿ ನೋಡಿದ. ಚಾಪೆ ಒಣಗಿಯೇ ಇತ್ತು. "ಒಂದನಿ ಇಳಿದಿಲ್ಲ ನೋಡು" ಅಂದ.

ಚಿನ್ನಕ್ಕ ಎದ್ದಳು. ಬಾಣಂತಿ ಕೋಣೆ ದಾಟಬಾರದು, ಬಟ್ಟೆ ಒಗೆಯಬಾರದು, ಸೂಜಿ ಹಿಡಿಯಬಾರದು ಎಂಬ ಕಟ್ಟಳೆಗಳೆಲ್ಲ ಹೊಸ್ತಿಲ ಒಳಗೇ ಉಳಿದವು. ಹಲ್ಲಿನಿಂದ ಕರಿ ದಾರ ಕಡಿದು ಎಳೆದೆಸೆದಳು. ತನ್ನ ಮೈಗೆ ಎರೆಯಲು ಕಾಯಿಸಿದ್ದ ಹಂಡೆಯ ನೀರನ್ನು ಬಾನಿಗೆ ಹೊಯ್ದು ಬಟ್ಟೆ ಹಾಕಿ, ಗಂಜಿಯ ಲೋಳೆ ಬಿಡುವವರೆಗೂ ಕಾಲಿನಿಂದ ತುಳಿದಳು. ನೀರು ಚೆಲ್ಲಿ ಮತ್ತೆ ತುಳಿದಳು. ಕೆಂಡದ ಮೇಲೆ ಬುಟ್ಟಿ ಕವುಚಿ ಹರವಿ ಒಣಗಿಸಿದಳು. ಬಿಸಿನೀರಿಗೆ ಬಟ್ಟೆ ಕುಗ್ಗಿತ್ತು, ಗಂಜಿ ಬಿಡದ ಅಂಚು ಕತ್ತರಿಸಿದ ಮೇಲೆ ಇನ್ನೂ ಚಿಕ್ಕದಾಯಿತು. ಕೂಸೂ ಅಷ್ಟೇ ಇದ್ದುದರಿಂದ ಸಾಲಿತು. ಅವ್ವನ ಹಳೆ ಸೀರೆಯಿಂದ ಎಳೆದ ನೂಲು ಪೋಣಿಸಿ, ಅಂಚನ್ನು ಎರಡು ಸುತ್ತು ಒಳಕ್ಕೆ ಮಡಿಸುತ್ತಾ, ಗಂಟು ಮೈಗೆ ತಗುಲದ ಹಾಗೆ ಮಡಿಕೆಯೊಳಗೆ ಅಡಗಿಸುತ್ತಾ ಹೊಲಿದಳು. ಬೋರಕ್ಕ ಕಣ್ಣಿನ ಬೆಳಕಿನ ಮಾತೆತ್ತಲಿಲ್ಲ, ಬಟ್ಟೆಯ ಇನ್ನೊಂದು ತುದಿ ಹಿಡಿದು ಕೂತಳು. ಯರ್ರಮ್ಮನ ಎದೆಯಿಂದ ಕೂಸನ್ನು ತೆಗೆದು ಆ ಬೆಚ್ಚನೆಯ ಬಟ್ಟೆಯಲ್ಲಿ ಸುತ್ತಿದರು. ಮಧ್ಯಾಹ್ನದ ಹೊತ್ತಿಗೆ ಕೂಸು ಬಾಯಿ ತಿರುಗಿಸಿ ಹಾಲಿಗೆ ತಡಕಿತು. ಆಮೇಲೆ ಅತ್ತಿತು. ನಮ್ಮ ಹಿತ್ತಲಿಗೂ ಕೇಳಿಸಿತು.

ಅಂದೇ ಸಂಜೆ ದೊಡ್ಡೀರಪ್ಪ ಕಟ್ಟೆಗೆ ಬಂದು, ತಾನು ಕುಡಿಸಿದ ಗಂಜಿಯಿಂದ ಬಟ್ಟೆಗೆ ಸತ್ವ ಬಂತು, ಅದಕ್ಕೇ ಕೂಸು ಚೇತರಿಸಿಕೊಂಡಿತು ಎಂದು ಹೇಳಿದ. ಭೇಷ್ ಎಂದಿದ್ದವರು ಈಗಲೂ ತಲೆಯಾಡಿಸಿದರು.

ಹೆಸರಿಡುವ ಶಾಸ್ತ್ರಕ್ಕೆ ಓಬಳಪ್ಪ ಬಂದಾಗ ಚಿನ್ನಕ್ಕ ಅವನ ಜೊತೆಯೇ ಗಾಡಿ ಹತ್ತಿದಳು. ತಿಂಗಳು ತುಂಬದ ಬಾಣಂತಿಯನ್ನು ಕಳಿಸಿದರೆ ಜನ ಏನಂದಾರು ಎಂದು ದೊಡ್ಡೀರಪ್ಪ ಅಡ್ಡ ಬಂದ. "ನನ್ ಬಾಣಂತನ ಮುಗೀತಪ್ಪ" ಎಂದಷ್ಟೇ ಅಂದಳು.

ಎರಡು ವರ್ಷಕ್ಕೆ ಅವಳು ಮತ್ತೆ ಬಸುರಿಯಾದಳು. ಹೆರಿಗೆಗೆ ತವರಿಗೆ ಬರಲಿಲ್ಲ. ಹೆಣ್ಣು ಕೊಟ್ಟ ಅಪ್ಪನಿಗೆ ನಮ್ಮ ಕಡೆ ಇದಕ್ಕಿಂತ ದೊಡ್ಡ ಕಪಾಳಮೋಕ್ಷವಿಲ್ಲ. ಅವ್ವ ಒಬ್ಬಳೇ ಬರಲಿ ಎಂದು ಬಳ್ಳಾರಿಯಿಂದ ಹೇಳಿಕಳಿಸಿದ್ದಳು. ದೊಡ್ಡೀರಪ್ಪ ಅದನ್ನು ಕೇಳಿಸಿಕೊಳ್ಳದವನಂತೆ ಒಗೆದ ರುಮಾಲು ಸುತ್ತಿ ಗಾಡಿಯ ಪಕ್ಕ ನಿಂತ. ಗಂಡನ ಬಾಯಿಗೆ ಹೆದರುತ್ತಿದ್ದ ಬೋರಕ್ಕ ಗಾಡಿ ಹತ್ತಿ ಕೂತು, ಗಂಟನ್ನು ಪಕ್ಕದ ಜಾಗದಲ್ಲಿಟ್ಟಳು.

"ನೀನಿಲ್ಲೇ ಇರು. ಅಲ್ಲಿ ನಿನ್ ಕೆಲ್ಸ ಏನೂ ಇಲ್ಲ."

ಗಾಡಿ ಹೋಯಿತು. ಅವನು ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಕಟ್ಟೆಯಲ್ಲಿದ್ದ ನಮ್ಮ ಕಡೆ ಬಂದು, ಮಗ್ಗ ಬಿಟ್ಟು ಬರಲಾಗುವುದಿಲ್ಲ ಎಂದು ತಾನೇ ಹೇಳಿ ಹೆಂಡತಿಯನ್ನು ಕಳಿಸಿದ್ದಾಗಿ ಹೇಳಿದ. ಅವತ್ತು ಮಾತ್ರ ಯಾರೂ ತಲೆಯಾಡಿಸಲಿಲ್ಲ.