ಗೋಕಾಕದ ಓಣಿಯಲ್ಲಿ ಫಕೀರವ್ವನ ಹಾಸು

ನನ್ನ ಅತ್ತೆ ಫಕೀರವ್ವ ಗೋಕಾಕಕ್ಕೆ ಬಂದದ್ದು ಒಂದು ಚೀಲ ಉಣ್ಣೆಯ ಸಂಗಡ. ಅದಕ್ಕೂ ಮೊದಲು ಆಕೆ ಮೂಡಲಗಿಯ ಸಂತೆ ಬಿಟ್ಟು ಬೇರೆ ಪೇಟೆ ಕಂಡವಳಲ್ಲ.

ನಮ್ಮದು ಮೂಡಲಗಿ ಮಗ್ಗುಲಿನ ಹಳ್ಳಿ, ಹಾಲುಮತದ ಮನೆತನ. ಕುರಿ ಸಾಕುವುದು, ಉಣ್ಣೆ ನೂಲುವುದು, ಕಂಬಳಿ ನೇಯುವುದು. ಮಾವ ತೀರಿದ ಮೇಲೆ ಮಗ್ಗಕ್ಕೆ ಕೂತವನು ಆಕೆಯ ಒಬ್ಬನೇ ಮಗ, ನನ್ನ ಗಂಡ ಪರಸಪ್ಪ. ನೂಲು ಮಾತ್ರ ಅತ್ತೆಯದೇ. ನನ್ನ ನೂಲು ಕಂಡರೆ "ಇದನ್ನ ಎತ್ತಿನ ಮೂಗಿಗೆ ಪೋಣಸವ್ವಾ" ಅನ್ನುವಳು. ಎರಡನೆಯ ಮಹಾಯುದ್ಧ ಶುರುವಾಗುವ ಮುಂಚೆ ಒಂದು ಮಳೆಗಾಲ ಕುರಿಗಳಿಗೆ ಬೇನೆ ಬಿದ್ದು ಹಿಂಡೇ ಹೋಯಿತು. ಅದಕ್ಕೂ ಮುಂಚೆ ಕತ್ತರಿಸಿಟ್ಟ ಉಣ್ಣೆ ಅಷ್ಟೇ ಉಳಿಯಿತು.

"ಗೋಕಾಕಕ್ಕ ಹೋಗೂನು ಯವ್ವಾ" ಅಂದ ಪರಸಪ್ಪ. "ನೂಲಿನ ಗಿರಣಿ ಮಂದಿ ನಸುಕಿನ್ಯಾಗ ನಡಕೊಂಡ ಹೋಗ್ತಾರ. ಥಂಡಿಗೆ ಕಂಬಳಿ ಬೇಕಾ ಬೇಕು."

"ನೀ ಗಿರಣಿ ಸೇರಾಕ ನೆವಾ ಹುಡಕಾಕತ್ತೀದಿ."

"ಮಗ್ಗಾ ಹೊತ್ಕೊಂಡ ಹೊಂಟಾವ ಗಿರಣಿಗೆ ಯಾಕ ಹೋಗ್ಲಿ?"

"ಹಂಗಾದ್ರ ನಡಿ. ನನ್ನ ಮಗಾ ಮಂದಿ ಗಿರಣಿ ಭೋಂಗಾ ಕೂಗೂದ ಕೇಳಿ ಏಳೂದು ನಾ ಇರೂತನಕ ಆಗಬಾರದು."

ಈ ಚೀಲದ ಉಣ್ಣೆ ಕಂಬಳಿಯಾಗಿ ಮಾರಿಹೋದರೆ ಹುಕ್ಕೇರಿ ಕಡೆಯ ಕುರಿಗಾರರಿಂದ ಮತ್ತೆ ಉಣ್ಣೆ ತರುವುದು, ಮಗ್ಗ ನಿಲ್ಲದು. ಇದು ಕೆಟ್ಟರೆ ಗಿರಣಿಯೇ ಗತಿ. ಆಕೆಗೂ ಅದು ಗೊತ್ತಿತ್ತು.

ಗುರುಲಿಂಗಪ್ಪ ಎಂಬ ಬೆಲ್ಲದ ವ್ಯಾಪಾರಿಯ ಒಂದು ಖೋಲಿ ಬಾಡಿಗೆಗೆ ಸಿಕ್ಕಿತು. ಮರುದಿನ ಆಕೆ ಮುಖ ತೊಳೆದು, ಹಣೆಗೆ ದೇವರ ಅರಿಶಿನ ಭಂಡಾರ ಹಚ್ಚಿ ಬಾಗಿಲಲ್ಲಿ ನಿಂತಳು. ಯಾರಾದರೂ ಬಂದು ಯಾವೂರು, ಯಾರ ಪೈಕಿ ಎಂದು ಕೇಳಬೇಕಲ್ಲ. ನಮ್ಮೂರಲ್ಲಿ ಹೊಸಬರು ಅಜ್ಜನ ಹೆಸರು ಹೇಳದೆ ಬಾವಿ ಮುಟ್ಟುವಂತಿರಲಿಲ್ಲ. ಇಲ್ಲಿ ಹೊತ್ತು ಏರಿತು, ಮಂದಿ ಹೋದರು, ಬಂದರು, ಯಾರೂ ಕೇಳಲಿಲ್ಲ.

"ಇಲ್ಲೀ ಮಂದಿಗೆ ಕಣ್ಣ ಇಲ್ಲೇನ ರಾಮವ್ವಾ?" ಎಂದು ನನ್ನನ್ನು ಕೇಳಿದಳು.

ಕೆಲವು ದಿನ ನೋಡಿ, ಹೊರಟವನೊಬ್ಬನನ್ನು ತಾನೇ ತಡೆದು "ನಾವು ಮೂಡಲಗಿ ಕಡ್ಯಾವ್ರಪಾ" ಅಂದಳು. ಅವನು "ಹೌದನ್ರಿ" ಎಂದು ನಡೆದೇಬಿಟ್ಟ. ಆ ಸಂಜೆಯೆಲ್ಲ ಆಕೆ ರೊಟ್ಟಿ ಬಡಿಯುತ್ತ ಅವನ ದನಿ ಮಾಡಿ ಹೌದನ್ರಿ, ಹೌದನ್ರಿ ಅನ್ನುತ್ತಿದ್ದಳು. ನಾವು ನಕ್ಕೆವು. ಆಕೆ ನಗಲಿಲ್ಲ.

ಹಾಸು ಎಂದರೆ ಕಂಬಳಿಯ ಉದ್ದದ ಎಳೆಗಳು. ಅವನ್ನು ಮಗ್ಗಕ್ಕೇರಿಸುವ ಮೊದಲು ಬಯಲಲ್ಲಿ ಗೂಟಕ್ಕೆ ಬಿಗಿದು ಕಟ್ಟಿ, ಹುಣಸೆಬೀಜದ ಗಂಜಿ ಹಚ್ಚಿ, ಕುಂಚದಿಂದ ಎಳೆ ಬಿಡಿಸುತ್ತ ಒಣಗಿಸಬೇಕು. ನಮ್ಮೂರಲ್ಲಿ ನಮ್ಮ ಬಾಗಿಲಿನಿಂದ ಬೀರಪ್ಪನ ಗುಡಿಯವರೆಗೂ ಹಾಸು ಕಟ್ಟುತ್ತಿದ್ದೆವು. ಆವತ್ತು ಮಂದಿ ಸುತ್ತುಹಾಕಿ ಹೋಗುವರು, ಗಾಡಿಯವನು ಎತ್ತು ಬಿಚ್ಚಿ ಕೂಡುವನು. ಹಾಸು ಒಣಗುವತನಕ ಓಣಿ ನಮ್ಮದು.

ಬಾಡಿಗೆ ಮಾತಾಡುವಾಗಲೇ ಗುರುಲಿಂಗಪ್ಪ ಹೇಳಿದ್ದರು: "ಮಗ್ಗಾ ಹೂಡ್ಕೋರಿ, ಮನಿ ನಂದ ಐತಿ. ಓಣಿ ನಂದಲ್ಲ."

"ಓಣಿ ಯಾರದರೆ ಹೆಂಗ ಇರತೈತಿ, ಸಾವಕಾರ್ರು ಚ್ಯಾಷ್ಟಿ ಮಾಡ್ತಾರ" ಎಂದಳು ಅತ್ತೆ.

ಹಾಗಾಗಿ ಚೀಲದ ಉಣ್ಣೆಯನ್ನೆಲ್ಲ ಆಕೆ ನೂತು ಮುಗಿಸಿದ ಮೇಲೆ ಒಂದು ಬೆಳಿಗ್ಗೆ ಎಲ್ಲ ನೂಲನ್ನೂ ಓಣಿಯಲ್ಲಿ ಹಾಸಿದೆವು. ಗಂಜಿ ಹಚ್ಚುವುದು ಮುಗಿದಿತ್ತು, ಅತ್ತ ಕಡೆಯಿಂದ ಹತ್ತಿ ತುಂಬಿದ ಅಂಡಿಗೆಚೀಲ ಹೇರಿದ ಗಾಡಿ ಬಂತು. ಹೊಡೆಯುವವನ ಹೆಸರು ಉದ್ದಪ್ಪ ಎಂದು ಆಮೇಲೆ ತಿಳಿಯಿತು.

"ಆಯಿ, ಹಾದಿ ಬಿಡ್ರಿ."

"ಎತ್ತ ಬಿಚ್ಚ ತಮ್ಮಾ. ಮಧ್ಯಾನಕ್ಕ ಒಣಗತೈತಿ."

"ಅಲ್ಲೀತನಕ ನಾ ಏನ ಮಾಡ್ಲಿ?"

"ಒಳಗ ಬಾ, ರೊಟ್ಟಿ ತಿನ್ನು."

"ನಾ ರೊಟ್ಟಿ ತಿನ್ನೂದ್ರಾಗ ಹತ್ತಿ ತಾನ ಪ್ಯಾಟಿಗೆ ನಡದ ಹೋಗತೈತೇನ ಆಯಿ?"

ಅವನ ಹಿಂದೆ ಇನ್ನೊಂದು ಗಾಡಿ ನಿಂತಿತು. ಮಂದಿ ಕೂಡಿತು. ಗುರುಲಿಂಗಪ್ಪ ಬಂದು ಮೆತ್ತಗೆ ಹೇಳಿದರು: "ಫಕೀರವ್ವಾ, ಮಂದಿ ಕೆಲಸ ನಿಂದರಸಬಾರದು. ಬಾಜೂಕ ತಗದ ಇಡ್ತಾರ, ಏನೂ ಕೆಡಸೂದಿಲ್ಲ."

ನಾಲ್ಕು ಮಂದಿ ಗೂಟ ಕಿತ್ತರು. ಮೆದುವಾಗಿಯೇ ಹಿಡಿದರು, ಆ ಮಾತು ಖರೆ. "ಜಗ್ಗಿ ಹಿಡೀರಿ, ಸಡ್ಲ ಬಿಡಬ್ಯಾಡ್ರಿ" ಎಂದು ಆಕೆ ಅತ್ತಿಂದಿತ್ತ ಓಡಾಡಿದಳು. ಅವರಿಗೆ ಅದೇನು ತಿಳಿಯಬೇಕು. ಧೋತರ ಮಡಿಸಿದ ಹಾಗೆ ಹಸಿ ಹಾಸನ್ನು ಮಡಿಸಿ ನಮ್ಮ ಕಟ್ಟೆಯ ಮೇಲಿಟ್ಟರು. ಉದ್ದಪ್ಪ ಕೈಮುಗಿದು ಗಾಡಿ ಹೊಡೆದ.

ಪಕ್ಕದ ಮನೆಯ ಅಕ್ಕವ್ವ ಅದೇ ಮೊದಲ ಸಲ ನಮ್ಮೊಡನೆ ಮಾತಾಡಿದಳು. "ಒಂದೂ ಎಳಿ ಹರದಿಲ್ಲ ನೋಡ್ರಿ."

"ಹರದಿದ್ರ ಗಂಟ ಹಾಕತಿದ್ನೆವ್ವಾ" ಎಂದಳು ಅತ್ತೆ.

ಗಂಜಿಯ ಎಳೆಗಳು ಒಂದಕ್ಕೊಂದು ಅಂಟಿ ಒಣಗಿದವು. ನೀರಲ್ಲಿ ನೆನೆಸಿದೆವು, ಬೆರಳಿಂದ ಬಿಡಿಸಿದೆವು. ಬಿಡಿಸಿದಷ್ಟೂ ಉಣ್ಣೆ ಜಡೆಗಟ್ಟಿತು. ಪರಸಪ್ಪ ಕೈಚೆಲ್ಲಿದ ಮೇಲೂ ಆಕೆ ಬಾಗಿಲ ಬೆಳಕಿನಲ್ಲಿ ಕೂತು ಬಿಡಿಸುತ್ತಲೇ ಇದ್ದಳು.

"ಯಾರರೆ ಬೈದಿದ್ರ ಛಲೋ ಇತ್ತು" ಎಂದಳೊಮ್ಮೆ. "ಬೈದಾವ್ರ ಮನಿಗೆ ನಾಳಿ ಒಲೀಗೆ ಕೆಂಡಾ ಕೇಳಾಕ ಹೋಗಬೌದಿತ್ತು. ಇವ್ರ ಸಂಗಾಟ ಜಗಳಾನೂ ಇಲ್ಲ."

ನಮ್ಮೂರಲ್ಲಾಗಿದ್ದರೆ ಆ ದಿನ ಬಡಿದಾಟವೇ ಆಗುತ್ತಿತ್ತು, ಆ ಮೇಲೆ ಪಂಚರು ಕೂಡಿ, ಬೈದವರೇ ಅರ್ಧ ಚೀಲ ಉಣ್ಣೆ ತಂದು ಹಾಕುತ್ತಿದ್ದರು. ಗೋಕಾಕದಲ್ಲಿ ಎಲ್ಲರೂ ಒಳ್ಳೆಯವರು. ಯಾರ ಮೇಲೆ ಪಂಚರನ್ನು ಕೂಡಿಸುವುದು?

ಉಣ್ಣೆ ಇಲ್ಲದ ಮಗ್ಗ ಎಷ್ಟು ದಿನ ಅನ್ನ ಹಾಕೀತು. ಪರಸಪ್ಪ ತಾಯಿಯ ಮುಖ ನೋಡದೆ ಒಂದು ಸೋಮವಾರ ಭೋಂಗಾ ಕೂಗುವ ಮೊದಲೇ ಎದ್ದು ಗಿರಣಿಗೆ ಹೋದ. ಆಕೆ ಬೇಡವೆನ್ನಲಿಲ್ಲ. ಬುತ್ತಿ ಮಾತ್ರ ನಾನು ಕಟ್ಟಬೇಕಾಯಿತು.

ಆಮೇಲೆ ಆಕೆ ಬದುಕಿದ್ದು ಅದೇ ಖೋಲಿಯಲ್ಲಿ, ಸ್ವರಾಜ್ಯ ಬರುವುದಕ್ಕೆ ಸ್ವಲ್ಪ ಮುಂಚಿನವರೆಗೆ. ಮಗ ಗಿರಣಿಯಿಂದ ಬರುವಾಗ ಅವನ ಕೂದಲು, ಹುಬ್ಬು, ಮೀಸೆಗೆಲ್ಲ ಹತ್ತಿಯ ಅರಳೆ ಅಂಟಿರುತ್ತಿತ್ತು. ಆಕೆ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಒಂದಿಷ್ಟು ಅರಳೆ ಕಿತ್ತು, ಬೆರಳಲ್ಲಿ ಹೊಸೆದು ನೋಡಿ ಕೇಳುವಳು:

"ಇದ ಯಾವ ಕುರೀದಪಾ?"

ಮೊದಮೊದಲು ಅವನು "ಬಿಳೇ ಕುರೀದವ್ವಾ" ಎಂದು ನಗುತ್ತಿದ್ದ. ಬರಬರುತ್ತ ನಗುವುದು ಬಿಟ್ಟ. ಆಕೆ ಕೇಳುವುದು ಬಿಡಲಿಲ್ಲ. ಕಡೆಗೆ ಅವನು ಬರುವ ದಾರಿಯಲ್ಲೇ ಹೊಳೆಗಿಳಿದು ತಲೆ ತೊಳೆದುಕೊಂಡು ಬರತೊಡಗಿದ. ಮೈ ನಡುಗುವ ಚಳಿಯಲ್ಲೂ ಒದ್ದೆ ತಲೆಯಲ್ಲಿ ಬಂದು, ತಾಯಿಯನ್ನು ದಾಟಿ ಒಳಗೆ ಹೋಗುತ್ತಿದ್ದ.