ಕಾರಿಗೊಂದು ಕೌದಿ

ತೊಗಲಿನ ಕೆಲಸ ಇನ್ನು ಮಾಡುವುದಿಲ್ಲ ಎಂದು ನಮ್ಮ ಮನೆ ನಿರ್ಧರಿಸಿದ್ದು ನಾವು ಬೌದ್ಧರಾದ ವರ್ಷ. ಅಲ್ಲಿಯವರೆಗೆ ತಿಕೋಟಾದಲ್ಲಿ ಯಾರ ದನ ಸತ್ತರೂ ಎಳೆದೊಯ್ದು ಸುಲಿಯುವ ಕೆಲಸ ಅಪ್ಪನ ಪಾಲಿಗೆ ಬರುತ್ತಿತ್ತು. ಅಪ್ಪ ಒಲ್ಲೆ ಎಂದ ದಿನ ಊರ ಹಿರಿಯರು ನಾಲ್ಕು ಮಂದಿ ಕೇರಿಯ ಬಾಯಿಯಲ್ಲೇ ಇದ್ದ ನಮ್ಮ ಮನೆಯ ಮುಂದೆ ಬಂದು ನಿಂತು, ಹಾಗಾದರೆ ಸತ್ತ ದನ ಯಾರು ಎಳೆಯಬೇಕು ಎಂದು ಕೇಳಿದರು. ಅಪ್ಪ ತಲೆ ಎತ್ತುವ ಮೊದಲೇ ಅವ್ವ ಒಳಗಿನಿಂದ, "ಹಾಲು ಕುಡದವರು ಎಳೀಲಿ" ಅಂದಳು.

ನಾನು ಆ ಅವ್ವನ ಮಗ. ಇಷ್ಟು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅರವತ್ತರ ದಶಕದ ನಡುವಿನಲ್ಲಿ ನಾನು ವಿಜಾಪುರದಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದೆ. ಮೀಸೆ ಬಲಿತ ಆಳು, ಆದರೂ ಎರಡು ವರ್ಷ ನನಗೆ ಕೊಟ್ಟ ಕೆಲಸ ಗಾಡಿ ತೊಳೆಯುವುದು ಮತ್ತು ನೀರು ಹಾಕಿ ಹಾಕಿ ಮರಳುಕಾಗದದಿಂದ ಉಜ್ಜುವುದು. ಆ ಕಾಲದ ಬಣ್ಣ ಹೊಡೆದ ಕೂಡಲೇ ಹೊಳೆಯುತ್ತಿರಲಿಲ್ಲ, ಮಬ್ಬಾಗಿ ಕೂರುತ್ತಿತ್ತು. ಪೇಸ್ಟು ಹಚ್ಚಿ ದಿನಗಟ್ಟಲೆ ಕೈಯಿಂದ ತಿಕ್ಕಿದರೆ ಹೊಳಪು ಬರುತ್ತಿತ್ತು. ಮಾಲಕರು ಮುಂಬಯಿಯಿಂದ ಪಾಲಿಶ್ ಮಷೀನು ತರಿಸಿದ ದಿನ ನನಗೆ ಬೇರೆ ಏನೂ ಬೇಡವಾಯಿತು. ಎರಡು ಹಿಡಿಕೆ, ಮುಂದೆ ಗರಗರ ತಿರುಗುವ ತಟ್ಟೆ, ತಟ್ಟೆಗೆ ಲಾಡಿಯಿಂದ ಬಿಗಿದ, ಉಣ್ಣೆ ಸಮೇತ ಹದ ಮಾಡಿದ ಕುರಿಯ ತೊಗಲು. ಅದನ್ನು ಹಿಡಿಯಬೇಕು ಅನ್ನುವುದೊಂದೇ ಆಸೆ.

ಮೇಸ್ತ್ರಿ ಒಳ್ಳೆಯ ಮನುಷ್ಯ. ಮಾಲಕರು ಊಟಕ್ಕೆ ಹೋದಾಗ ಮೂಲೆಯಲ್ಲಿ ಸತ್ತು ಬಿದ್ದಿದ್ದ ಜೀಪಿನ ಬಾನೆಟ್ಟಿನ ಮೇಲೆ ನನಗೆ ಕಲಿಸತೊಡಗಿದರು. ಮೊದಲ ದಿನ ಗುಂಡಿ ಒತ್ತಿದ್ದೇ ತಡ, ಮಷೀನು ಮೂಗುದಾರ ಹರಿದ ಹೋರಿಯಂತೆ ನನ್ನನ್ನೇ ಎಳೆದುಕೊಂಡು ಹೋಯಿತು. ಪೇಸ್ಟೆಲ್ಲ ಗೋಡೆಗೆ, ನನ್ನ ಮುಖಕ್ಕೆ.

"ಒತ್ತಬ್ಯಾಡ ಬೇಟಾ" ಅಂದರು ಮೇಸ್ತ್ರಿ. "ಅದರ ಭಾರ ಅದಕ್ಕ ಸಾಕು. ನೀ ಬರೇ ದಾರಿ ತೋರ್ಸು. ಒಂದ ಕಡೆ ನಿಂದರಬ್ಯಾಡ. ಆಗಾಗ ಅಂಗೈ ಇಟ್ಟ ನೋಡು, ಸುಡಾಕತ್ತಿದ್ರ ಎತ್ತಿಬಿಡು."

ಅಂಗೈ ಇಡುವುದನ್ನು ಮರೆತೆ. ಅಂಚಿನಲ್ಲಿ ಬಣ್ಣ ತೆಳ್ಳಗಿರುತ್ತದೆ ಎನ್ನುವುದನ್ನೂ ಮರೆತೆ. ಮೂರು ಕಡೆ ಬಣ್ಣ ಸುಟ್ಟು ಹೋಗಿ ಒಳಗಿನ ಕೆಂಪು ಅಸ್ತರ ಹುಣ್ಣಿನಂತೆ ಎದ್ದು ಕಂಡಿತು. ಗುಜರಿ ಜೀಪಾದರೂ ನಾಚಿಕೆಯಾಯಿತು. ಹದಿನೈದು ದಿನ ಬಿಡದೆ ತಿರುಗಿಸಿದೆ. ಕೊನೆಗೊಂದು ಮಧ್ಯಾಹ್ನ ಆ ಬಾನೆಟ್ಟಿನಲ್ಲಿ ನನ್ನ ಮೀಸೆ ಕೂದಲು ಕೂದಲಾಗಿ ಕಂಡಿತು. ಮೇಸ್ತ್ರಿ ಮಾಲಕರನ್ನು ಕರೆದು ತೋರಿಸಿದರು. ಅವರು ನೋಡಿದರು, "ಗಿರಾಕಿ ಗಾಡಿ ಮ್ಯಾಲ ಮಾತ್ರ ಇಂವ ಬ್ಯಾಡ" ಅಂದು ಹೋದರು.

ಅದೇ ವಾರ ತೊಗಲು ಹರಿಯಿತು. ಮುಂಬಯಿಯಿಂದ ಇನ್ನೊಂದು ಬರಲು ತಿಂಗಳಾದರೂ ಬೇಕು. ಬಬಲೇಶ್ವರದ ವ್ಯಾಪಾರಿಯೊಬ್ಬರ ಕಪ್ಪು ಕಾರು ಬಣ್ಣ ಹೊಡೆಸಿಕೊಂಡು ಪಾಲಿಶಿಗೆ ಕಾಯುತ್ತಿತ್ತು. ಮಾಲಕರು ನನ್ನನ್ನು ಕರೆದು, ಹಿಂದೆಂದೂ ಕೇಳದ ಮೆತ್ತನೆಯ ದನಿಯಲ್ಲಿ ಹೇಳಿದರು: "ಲೇ, ನಿಮ್ಮಪ್ಪಗ ತೊಗಲು ಹದಾ ಮಾಡೂದು ಗೊತ್ತೈತಲ್ಲ. ಒಂದ ಕುರಿ ತೊಗಲು ಮಾಡಿಸ್ಕೊಂಡು ಬಾ. ಈ ಕಾರಿಗೆ ಮಷೀನ ನೀನ ಹಿಡಿಯಂತಿ."

ಸುಳ್ಳು ಯಾಕೆ ಹೇಳಲಿ, ನನಗೆ ಸಿಟ್ಟು ಬರಲಿಲ್ಲ. ಆಸೆ ಬಂತು. ಭಾನುವಾರ ತಿಕೋಟಾದ ಬಸ್ಸಿನಲ್ಲಿ ಕೂತು, ಒಂದೇ ಒಂದು ತೊಗಲು ತಾನೆ, ಯಾರಿಗೆ ಗೊತ್ತಾಗುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಹೋದೆ. ಆ ಮಾತನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಅವ್ವ ಅಂಗಳದಲ್ಲಿ ಕೂತು ಹಳೆಯ ಬಟ್ಟೆ ಹರವಿಕೊಂಡು ಕೌದಿ ಹೊಲಿಯುತ್ತಿದ್ದಳು.

"ಯವ್ವಾ, ಅಪ್ಪಗ ಹೇಳಿ ಒಂದು ಕುರಿ ತೊಗಲು ಮಾಡಿಸಿ ಕೊಡ ಬೇ. ಒಂದ ಸಲ ಅಷ್ಟ."

ಅವ್ವ ಸೂಜಿ ನಿಲ್ಲಿಸಿದಳು. "ಒಂದ ಸಲ ಅನ್ನೂದು ಊರವ್ರ ಮಾತು. ನಿನ್ನ ಬಾಯಾಗ ಯಾಕ ಬಂತು?"

ನಾನು ಮಷೀನಿನ ಕಥೆಯನ್ನೆಲ್ಲ ಹೇಳಿದೆ. ಅಳು ಬರುವಂತಾಗಿತ್ತು. ಅವ್ವ ಪೂರ್ತಿ ಕೇಳಿಸಿಕೊಂಡು, "ಆ ಮಷೀನಿಗೆ ತೊಗಲು ಬೇಕೋ, ಮೆತ್ತಗಿರೂದು ಬೇಕೋ?" ಅಂದಳು.

"ಮೆತ್ತಗಿರೂದು."

"ಹಂಗಾದ್ರ ಅಳತಿ ಹೇಳು."

ನೆಲದ ಮೇಲೆ ಕಡ್ಡಿಯಿಂದ ಗುಂಡಗೆ ಗೀರಿ ತೋರಿಸಿದೆ. ಕಂಬಳಿ ತುಂಡು ಆಗಬಹುದೇ ಎಂದರೆ, ಚುಚ್ಚುತ್ತದೆ ಎಂದು ತೆಗೆದು ಹಾಕಿದಳು. ಉಟ್ಟು ತೊಳೆದು, ಉಟ್ಟು ತೊಳೆದು ಬೆಣ್ಣೆಯಂತಾಗಿದ್ದ ತನ್ನ ನೂಲಿನ ಸೀರೆಗಳನ್ನೇ ತೆಗೆದಳು. ದಡಿ ಕತ್ತರಿಸಿ ಬದಿಗಿಟ್ಟು, ಎಂಟು ಪದರ ಒಂದರ ಮೇಲೊಂದು ಇಟ್ಟು, ನಡುವಿನಿಂದ ಸುತ್ತು ಸುತ್ತಾಗಿ ಹೊಲಿದು, ಅಂಚಿಗೆ ಲಾಡಿ ಪೋಣಿಸಿದಳು. ಹೊತ್ತು ಇಳಿಯುವುದರೊಳಗೆ ನನ್ನ ಕೈಯಲ್ಲೊಂದು ರೊಟ್ಟಿಯಗಲದ ಕೌದಿ ಇತ್ತು.

ಸೋಮವಾರ ಗ್ಯಾರೇಜಿನಲ್ಲಿ ಅದನ್ನು ಬಿಚ್ಚಿದಾಗ ಮಾಲಕರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೌದಿ ತಂದಾನ ನೋಡ್ರಿ! ಕಾರಿಗೆ ಚಳಿ ಬಂದೈತೇನಲೇ?" ಅವಸರದಲ್ಲಿ ನಾನು ಅದನ್ನು ತಿರುವುಮುರುವಾಗಿ ಕಟ್ಟಿದ್ದೆ. ದಾರದ ಗಂಟುಗಳು ಹೊರಗೆ ಬಂದು ಜೀಪಿನ ಬಾನೆಟ್ಟು ಬೆಕ್ಕು ಪರಚಿದಂತಾಯಿತು. ಮತ್ತಷ್ಟು ನಗೆ. ಮೇಸ್ತ್ರಿ ನಗಲಿಲ್ಲ. ಕೌದಿ ಬಿಚ್ಚಿ, ಕಣ್ಣು ಮುಚ್ಚಿ ಕೆನ್ನೆಗೆ ಒತ್ತಿ ನೋಡಿ, ಗಂಟು ಒಳಗೆ ಮಾಡಿ ತಾವೇ ಕಟ್ಟಿಕೊಟ್ಟರು. ಉಣ್ಣೆಗಿಂತ ಇದು ಬೇಗ ಕಾಯುತ್ತಿತ್ತು. ನೀರು ಹೆಚ್ಚು ಚಿಮುಕಿಸಿ, ಕೈ ಚುರುಕು ಮಾಡಿ, ಗಳಿಗೆ ಗಳಿಗೆಗೂ ಅಂಗೈ ಇಟ್ಟು ನೋಡಿದೆ. ಪರಚಿದ ಗೆರೆಗಳೆಲ್ಲ ಮಾಯವಾದವು.

"ಚಲೋ ಆತು" ಅಂದರು ಮಾಲಕರು. "ಮೇಸ್ತ್ರಿ, ಇದನ್ನ ಕಟ್ಕೊಂಡು ಕಾರ್ ನೀವ ಮಾಡ್ರಿ."

ನಾನು ಲಾಡಿ ಬಿಚ್ಚಿ ಕೌದಿಯನ್ನು ಅಂಗಿಯೊಳಗೆ ಇಟ್ಟುಕೊಂಡೆ. "ಇದು ನಮ್ಮ ಮನೀದ್ರಿ. ನಾ ಹಿಡದ್ರ ತಿರುಗತೈತಿ, ಇಲ್ಲಾಂದ್ರ ಇಲ್ಲ."

ಮಾಲಕರು ಮೇಸ್ತ್ರಿಯ ಕಡೆ ನೋಡಿದರು. ಮೇಸ್ತ್ರಿ ಬೀಡಿ ಹಚ್ಚುತ್ತ, "ನಂದು ಇವತ್ತ ಸೊಂಟ ಹಿಡದೈತ್ರಿ" ಅಂದರು.

ಎರಡು ದಿನ ನಾನೊಬ್ಬನೇ ಆ ಕಾರು ತಿಕ್ಕಿದೆ. ಅಂಚಿಗೆ ಬಂದಾಗ ಉಸಿರು ಬಿಗಿಹಿಡಿದೆ. ಒಂದು ಕಡೆಯೂ ಸುಡಲಿಲ್ಲ. ಮೂರನೆಯ ದಿನ ಬಬಲೇಶ್ವರದ ಸಾಹುಕಾರರು ಬಂದು, ಬಾನೆಟ್ಟಿನ ಮೇಲೆ ಕೈಯೂರಿ ಬಗ್ಗಿ, ಅದರಲ್ಲಿ ನೋಡಿಕೊಂಡು ಟೊಪ್ಪಿಗೆ ಸರಿಮಾಡಿಕೊಂಡರು. ಭಾರೀ ಖುಷಿ.

"ತಿಕೋಟಾದ ಹುಡುಗ್ರಿ" ಎಂದು ಮಾಲಕರು ನನ್ನನ್ನು ತೋರಿಸಿದರು. "ಇವರಪ್ಪನ ಕಡೆಯಿಂದ ತೊಗಲು ಹದಾ ಮಾಡಿಸಿ ತರಿಸೇನಿ."

"ಅದಕ್ಕ ಮತ್ತ! ನಿಮ್ಮ ಮಂದಿ ಕೈಯಾಗಿನ ತೊಗಲಂದ್ರ ತೊಗಲು" ಅಂದರು ಸಾಹುಕಾರರು ನನ್ನತ್ತ ನೋಡಿ. ಹೊಗಳಿಕೆಯೇ ಅದು. ಅವರ ಮಟ್ಟಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಸುಮ್ಮನಿದ್ದರೆ ಎಲ್ಲರಿಗೂ ಸುಖವಿತ್ತು. ನನಗೆ ಮೈಯೆಲ್ಲ ಉರಿಯಿತು.

"ಸುಳ್ಳು ರೀ" ಅಂದೆ. "ನಮ್ಮಪ್ಪ ತೊಗಲು ಮುಟ್ಟೂದು ಬಿಟ್ಟು ವರ್ಷಗಳಾದವು. ಇದು ಕೌದಿ. ನಮ್ಮವ್ವ ತಾನು ಉಟ್ಟ ಸೀರಿ ಕತ್ತರಿಸಿ ಹೊಲದಾಳ."

ಬಾನೆಟ್ಟಿನ ಮೇಲಿದ್ದ ಅವರ ಕೈ ತಟ್ಟನೆ ಮೇಲೆದ್ದಿತು. "ಉಟ್ಟ ಸೀರಿ?" ಅಂದವರು ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡರು. ಸತ್ತ ಕುರಿಯ ತೊಗಲು ನಮ್ಮ ಮನೆಯಿಂದ ಬಂದರೆ ಮೈಲಿಗೆಯಿಲ್ಲ, ಸಾವಿರ ಸಲ ತೊಳೆದ ಅವ್ವನ ಸೀರೆಗೆ ಮೈಲಿಗೆ! ಆ ಹೊತ್ತಿನಲ್ಲಿ ನನಗೆ ಅವರ ಲೆಕ್ಕವೆಲ್ಲ ಒಮ್ಮೆಗೇ ತಿಳಿಯಿತು.

"ಮದ್ಲ ಇದನ್ನ ತೊಳಸ್ರಿ" ಅಂದರು ಸಾಹುಕಾರರು.

"ನೀರು ತಾರಲೇ!" ಮಾಲಕರು ನನಗೆ ಕೂಗಿದರು.

"ನಾ ತರಂಗಿಲ್ರಿ. ನಾ ಪಾಲಿಶ್ ಮಾಡಾಂವ" ಅಂದೆ. ಸಾಹುಕಾರರತ್ತಲೂ ತಿರುಗಿದೆ. "ಬೇಕಾದಷ್ಟ ತೊಳಸ್ಕೋರಿ. ನೀರಿಗೆ ಹೋಗೂದಲ್ಲ ಆ ಹೊಳಪು. ತಗೀಬೇಕಂದ್ರ ಬಣ್ಣಾನ ಕೆರೀಬೇಕು."

ಮಾಲಕರೇ ಧೋತರ ಎತ್ತಿ ಕಟ್ಟಿ ಬಕೆಟ್ಟು ಹೊತ್ತರು. ಒಂದು ಹೊಯ್ದರು, ಇನ್ನೊಂದು ಹೊಯ್ದರು. ನೀರು ಕಾರಿನ ಮೇಲೆ ನಿಲ್ಲದೆ ಹನಿ ಹನಿಯಾಗಿ ಉರುಳಿ ಹೋಯಿತು. ಮೇಸ್ತ್ರಿ ನನ್ನ ಪಕ್ಕಕ್ಕೆ ಬಂದು, "ನಾಳೆ ಆ ಹಸಿರು ಗಾಡಿ ನಿಂದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಮಾಲಕರು ಬಕೆಟ್ಟು ಕೆಳಗಿಟ್ಟು ಏದುಸಿರು ಬಿಡುತ್ತಿದ್ದರು.

ತೊಳೆದ ಮೇಲೆ ಕಾರು ಮೊದಲಿಗಿಂತ ಹೆಚ್ಚು ಹೊಳೆಯಿತು. ಸಾಹುಕಾರರು ಅದರ ಸುತ್ತ ಎರಡು ಸಲ ತಿರುಗಿದರು. ಆಮೇಲೆ ಮುಖ ಬೇರೆ ಕಡೆ ತಿರುಗಿಸಿ, ಬಾಗಿಲು ತೆರೆದು ಒಳಗೆ ಕೂತರು. ಬಬಲೇಶ್ವರದವರೆಗೆ ಅದರಲ್ಲೇ ಹೋಗಬೇಕಿತ್ತು, ಅವರಿಗೆ ಬೇರೆ ಕಾರು ಇರಲಿಲ್ಲ.